ಸಹಾಯ ಬೇಕು: ಹಳೆ 407ರ ಗೇರ್‌ಬಾಕ್ಸ್ ಹತ್ತಿರ ನೇತಾಡುತ್ತಿರುವ ಕನೆಕ್ಟರ್ ಯಾವುದು?

ನಮಸ್ಕಾರ ಅಣ್ಣಂದಿರೇ. ನಮ್ಮದು ಹಳೆ ಟಾಟಾ 407 ಲಾರಿ, ಅರಸೀಕೆರೆ ಕಡೆ ತೆಂಗಿನಕಾಯಿ ಲೋಡ್ ಹೊಡೆಯುವ ಗಾಡಿ. ಗ್ರೀಸ್ ಹೊಡೆಯಲು ಕೆಳಗೆ ನುಗ್ಗಿದಾಗ ಗೇರ್‌ಬಾಕ್ಸ್ ಪಕ್ಕದಲ್ಲಿ ಒಂದು ಕನೆಕ್ಟರ್ ಸುಮ್ನೆ ನೇತಾಡುತ್ತಿತ್ತು.

ಎರಡು ಪಿನ್ನಿನದು. ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗಿದೆ, ಲಾಕ್ ಮುರಿದಿದೆ. ಒಂದು ವೈರಿನ ಮೇಲೆ ಪಟ್ಟಿ ಇದೆ, ಆಯಿಲ್ ಜಿಡ್ಡಿನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದೆ. ಕೀ ಆನ್ ಮಾಡಿದರೆ ಒಂದು ಪಿನ್ನಿಗೆ ಕರೆಂಟ್ ಬರುತ್ತದೆ, ಆಫ್ ಮಾಡಿದರೆ ಇಲ್ಲ. ಇನ್ನೊಂದು ಪಿನ್ ಸತ್ತೇ ಇದೆ.

ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್, ಹಾರ್ನ್, ಡೀಸೆಲ್ ಮುಳ್ಳು ಎಲ್ಲಾ ಸರಿ ಇದೆ. ಆಯಿಲ್ ಲೈಟ್ ಕೀ ಹಾಕಿದಾಗ ಬಂದು ಸ್ಟಾರ್ಟ್ ಆದ ಮೇಲೆ ಹೋಗುತ್ತದೆ. ಡೀಸೆಲ್ ಪಂಪ್ ಮೆಕ್ಯಾನಿಕಲ್, ಈಗಿನ ಗಾಡಿಗಳ ಹಾಗೆ ಸೆನ್ಸರ್ ಕಾಟ ಇಲ್ಲ. ಉರಿಯದೇ ಇರುವುದು ರಿವರ್ಸ್ ಲೈಟ್ ಒಂದೇ. ಹಾಗಾಗಿ ಇದು ರಿವರ್ಸ್ ಸ್ವಿಚ್ಚಿನದೇ (ರಿವರ್ಸ್ ಗೇರ್ ಹಾಕಿದಾಗ ಆ ಲೈಟ್ ಉರಿಸುವ, ಗೇರ್‌ಬಾಕ್ಸ್ ಮೇಲಿನ ಸ್ವಿಚ್) ಅಂತ ನನ್ನ ಅಂದಾಜು. ಆದರೆ ಗೇರ್‌ಬಾಕ್ಸ್ ತುಂಬಾ ಮಣ್ಣು ಮೆತ್ತಿದೆ, ಸ್ವಿಚ್ ಎಲ್ಲಿದೆ ಅಂತಲೇ ಕಾಣುತ್ತಿಲ್ಲ.

ಇದೇ ಗಾಡಿ ಇರುವವರು ಸ್ವಿಚ್ ಇರುವ ಜಾಗದ ಒಂದು ಫೋಟೋ ಹಾಕುತ್ತೀರಾ? ನಡುವೆ ಫ್ಯೂಸ್ ಇಟ್ಟು ಎರಡೂ ಪಿನ್ ಸೇರಿಸಿ, ಲೈಟ್ ಬರುತ್ತದಾ ನೋಡೋಣ ಅಂದುಕೊಂಡಿದ್ದೇನೆ. ಎರಡನೇ ಪಿನ್ ಅರ್ತ್ ಆಗಿದ್ದರೆ ಫ್ಯೂಸ್ ಹೋಗುತ್ತದೆ, ವೈರಿಂಗ್ ಉಳಿಯುತ್ತದೆ ಅಲ್ವಾ? ಎಷ್ಟು ಆಂಪ್ಸ್ ಫ್ಯೂಸ್ ಹಾಕಲಿ? ಗೊತ್ತಿರುವವರು ಹೇಳಿ. ಅಲ್ಲಿವರೆಗೆ ಪಿನ್ನಿಗೆ ಟೇಪ್ ಸುತ್ತಿ ಮೇಲಕ್ಕೆ ಕಟ್ಟಿದ್ದೇನೆ.