ನರಸಾಪುರದ ಪ್ರಾರ್ಥನಾ ಕೂಟ: ಯಾವುದನ್ನು ಬಿಡಬಾರದು, ಯಾವುದನ್ನು ಬಿಟ್ಟರೂ ನಡೆಯುತ್ತೆ?

ವೇಮಗಲ್ ರಸ್ತೆ:

ಎಲ್ಲರಿಗೂ ವಂದನೆ. ನಾನು ಕೋಲಾರದವನು, ಮೆಥೊಡಿಸ್ಟ್ ಸಭೆಯಲ್ಲಿ ಬೆಳೆದವನು. ಕೆಲಸ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ. ಭಾನುವಾರ ಸಂಜೆ ಅಲ್ಲೇ ಹತ್ತಿರದ ಹಳ್ಳಿಯ ಒಂದು ಬಾಡಿಗೆ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಬರುವವರು ಒಂದೇ ಥರದವರಲ್ಲ. ನಾಗಾಲ್ಯಾಂಡ್ ಹುಡುಗರು ಬ್ಯಾಪ್ಟಿಸ್ಟರು. ಜಾರ್ಖಂಡ್‌ನಿಂದ ಬಂದ ಹುಡುಗಿಯರು ಕ್ಯಾಥೊಲಿಕ್. ಮುಳಬಾಗಿಲು ಕಡೆಯ ಒಂದು ಕುಟುಂಬದ ಮನೆಮಾತು ತೆಲುಗು. ಇತ್ತೀಚೆಗೆ ಅದೇ ಹಳ್ಳಿಯ ಒಂದಿಬ್ಬರು ಹೆಂಗಸರೂ ಬಂದು ಕೂರುತ್ತಾರೆ. ಅವರು ಕ್ರೈಸ್ತರಲ್ಲ, ಸುಮ್ನೆ ಹಾಡು ಕೇಳೋಕೆ ಬಂದವರು, ಈಗ ಯೇಸುಸ್ವಾಮಿ ಬಗ್ಗೆ ಪ್ರಶ್ನೆ ಕೇಳೋಕೆ ಶುರು ಮಾಡಿದ್ದಾರೆ.

ಕೂಟ ನಡೆಸುವ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ಜಗಳವೂ ಜೊತೆಗೇ ಬಂದಿದೆ. ಕುಂಕುಮ ಇಟ್ಟುಕೊಂಡು, ಹೂ ಮುಡಿದುಕೊಂಡು ಬರಬಾರದು ಅಂತ ಒಬ್ಬರು. ಮಗುವಾಗಿದ್ದಾಗ ಆದ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಲೆಕ್ಕಕ್ಕಿಲ್ಲ, ದೊಡ್ಡವರಾದ ಮೇಲೆ ನೀರಲ್ಲಿ ಮುಳುಗಲೇಬೇಕು ಅಂತ ಇನ್ನೊಬ್ಬರು. ಹಿಂದಿಯಲ್ಲಿ ಹಾಡಿ ಅಂತ ಕೆಲವರು, ಇಲ್ಲಿ ಇದ್ದ ಮೇಲೆ ಕನ್ನಡವೇ ಸಾಕು ಅಂತ ಕೆಲವರು. ನೆಲದ ಮೇಲೆ ಕೂರೋದಾ, ಕುರ್ಚಿ ಹಾಕೋದಾ ಅನ್ನೋದಕ್ಕೂ ಅರ್ಧ ಗಂಟೆ ಚರ್ಚೆ ಆಯ್ತು.

ನನ್ನ ಪ್ರಶ್ನೆ ಇಷ್ಟೇ. ಇದಿಲ್ಲದಿದ್ದರೆ ಅದು ಕ್ರೈಸ್ತ ನಂಬಿಕೆಯೇ ಅಲ್ಲ ಅನ್ನುವಂಥದ್ದು ಯಾವುದು? ಉಳಿದದ್ದರಲ್ಲಿ ಎಷ್ಟು ಸಡಿಲ ಬಿಡಬಹುದು? ಬೇರೆ ಭಾಷೆ, ಬೇರೆ ರೂಢಿಯವರ ನಡುವೆ ಸೇವೆ ಮಾಡಿದವರು ನೀವು ಹೇಗೆ ಮಾಡಿದಿರಿ ಅಂತ ಹೇಳಿ. ದಯವಿಟ್ಟು ‘ಪ್ರಾರ್ಥನೆ ಮಾಡಿ ಬ್ರದರ್’ ಅಂತ ಮಾತ್ರ ಬರೀಬೇಡಿ, ಅದನ್ನು ಮಾಡ್ತಾ ಇದ್ದೀನಿ.

ನಿವೃತ್ತ ಸಭಾಪಾಲಕ, ತುಮಕೂರು:

ತಮ್ಮಾ, ಕುರ್ಚಿ ಚರ್ಚೆ ಅರ್ಧ ಗಂಟೆಗೆ ಮುಗಿಯಿತು ಅಂದರೆ ನೀವೇ ಪುಣ್ಯವಂತರು.

ಗಟ್ಟಿಯಾದದ್ದನ್ನು ಮೊದಲು ಹೇಳುತ್ತೇನೆ. ಅಪೊಸ್ತಲ ಪೌಲನು ಬೈಬಲ್‌ನ 1 ಕೊರಿಂಥ 15ರಲ್ಲಿ, ಅಂದರೆ ಕೊರಿಂಥ ಊರಿನ ಸಭೆಗೆ ಬರೆದ ಮೊದಲ ಪತ್ರದಲ್ಲಿ, ತಾನು ಬೇರೆಯವರಿಂದ ಪಡೆದದ್ದನ್ನೇ ಮುಖ್ಯವಾದ ಸಂಗತಿ ಅಂತ ಕೊರಿಂಥದವರಿಗೆ ದಾಟಿಸಿದೆ ಅನ್ನುತ್ತಾನೆ. ಏನು ಅದು? ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತ, ಹೂಣಿದರು, ಮೂರನೇ ದಿನ ಎದ್ದ, ಹಲವರಿಗೆ ಕಾಣಿಸಿಕೊಂಡ. ಇದರ ಸುತ್ತ ಬೆಳೆದದ್ದೇ ಅಪೊಸ್ತಲರ ವಿಶ್ವಾಸ ಪ್ರಮಾಣ, ಅಂದರೆ ಆರಾಧನೆಯಲ್ಲಿ ಒಟ್ಟಾಗಿ ಹೇಳುವ ನಂಬಿಕೆಯ ಸಾರ. ಸೃಷ್ಟಿಕರ್ತನಾದ ತಂದೆ, ಮನುಷ್ಯನಾಗಿ ಹುಟ್ಟಿ ಶಿಲುಬೆಯಲ್ಲಿ ಸತ್ತು ಎದ್ದ ಮಗ, ಪವಿತ್ರಾತ್ಮ, ಸಭೆ, ಪಾಪಕ್ಷಮೆ, ದೇಹದ ಪುನರುತ್ಥಾನ, ನಿತ್ಯಜೀವ. ಮಗನು ತಂದೆಗಿಂತ ಒಂದು ಮೆಟ್ಟಿಲು ಕೆಳಗಿನವನಲ್ಲ ಅನ್ನುವುದನ್ನು 325ರಲ್ಲಿ ಬಿಷಪ್ಪರು ನಿಕೇಯದಲ್ಲಿ ಕೂತು ತೀರ್ಮಾನಿಸಿದರು, 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮತ್ತೆ ಗಟ್ಟಿ ಮಾಡಿದರು. ಜೊತೆಗೆ ಒಂದು ಸೇರಿಸಿ: ರಕ್ಷಣೆ ದೇವರ ಕೃಪೆಯಿಂದ ಸಿಗುವುದು, ನಾವು ದುಡಿದು ಗಳಿಸುವುದಲ್ಲ. ನಿಮ್ಮ ಜಾರ್ಖಂಡ್ ಹುಡುಗಿಯರು ಈ ವಿಶ್ವಾಸ ಪ್ರಮಾಣವನ್ನು ಚರ್ಚಿನ ಬಲಿಪೂಜೆಯಲ್ಲಿ ಹೇಳಿಯೇ ಬೆಳೆದಿರುತ್ತಾರೆ. ಬ್ಯಾಪ್ಟಿಸ್ಟರು ಆರಾಧನೆಯಲ್ಲಿ ವಿಶ್ವಾಸ ಪ್ರಮಾಣ ಹೇಳುವುದು ಕಡಿಮೆ, ಆದರೆ ಒಳಗಿರುವುದನ್ನು ಇಲ್ಲ ಅನ್ನುವುದಿಲ್ಲ. ಆ ಪ್ರಮಾಣದಲ್ಲಿ ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪೊಂತ್ಯ ಪಿಲಾತನ ಹೆಸರಿದೆ. ಕುಂಕುಮದ ಹೆಸರಿಲ್ಲ, ಕುರ್ಚಿಯ ಹೆಸರೂ ಇಲ್ಲ.

ಇನ್ನು ಸಡಿಲ ಎಷ್ಟು ಅನ್ನುವುದು. ಲುಸ್ತ್ರ ಅನ್ನುವ ಊರಿನ ಶಿಷ್ಯ ತಿಮೊಥೆಗೆ ಪೌಲ ಸುನ್ನತಿ ಮಾಡಿಸಿದ. ಅವನ ತಾಯಿ ಯೆಹೂದ್ಯಳು, ತಂದೆ ಗ್ರೀಕ. ಯೆಹೂದ್ಯರ ನಡುವೆ ಓಡಾಡಬೇಕಾದವನು, ಹಾಗಾಗಿ ಮಾಡಿಸಿದ. ಅದೇ ಪೌಲ, ಗ್ರೀಕನಾದ ತೀತನಿಗೆ ಮಾಡಿಸಬೇಕು ಅಂತ ಕೆಲವರು ಒತ್ತಾಯ ಮಾಡಿದಾಗ ಒಂದು ಗಳಿಗೆಯೂ ಬಗ್ಗಲಿಲ್ಲ. ಪದ್ಧತಿ ಒಂದೇ, ಉತ್ತರ ಎರಡು. ಜನರ ಹತ್ತಿರ ಹೋಗೋಕೆ ಸಹಾಯ ಆದರೆ ಮಾಡು, ಇದಿಲ್ಲದೆ ದೇವರು ನಿನ್ನನ್ನು ಸೇರಿಸಿಕೊಳ್ಳಲ್ಲ ಅಂತ ಯಾರಾದರೂ ಹೇಳಿದರೆ ಮಾಡಬೇಡ. ನಾನು ಇಷ್ಟು ವರ್ಷ ಎಲ್ಲದಕ್ಕೂ ಇದೇ ಅಳತೆ ಹಿಡಿದಿದ್ದೇನೆ.

ದೀಕ್ಷಾಸ್ನಾನದ ಜಗಳ ನಿಮ್ಮ ಬಾಡಿಗೆ ಮನೆಯಲ್ಲಿ ತೀರುವುದಲ್ಲ, ಅದಕ್ಕೆ ಕೈ ಹಾಕಬೇಡಿ. ಯಾರಿಗೂ ಎರಡನೇ ಸಲ ಕೊಡಬೇಡಿ, ಅಷ್ಟು ಸಾಕು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಆದಾಗ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಒಂದಾದರು. ತುಮಕೂರಿನ ನಾವು ಬ್ರಿಟನ್ನಿನ ವೆಸ್ಲಿಯನ್ ಮಿಷನ್ ಕಡೆಯವರು, ಸೇರಿದೆವು. ಕೋಲಾರದ ನೀವು ಅಮೆರಿಕದ ಮೆಥೊಡಿಸ್ಟ್ ಮಿಷನ್ ಕಡೆಯವರು, ಸೇರಲಿಲ್ಲ. ಮೆಥೊಡಿಸ್ಟ್ ಪಂಥ ಶುರು ಮಾಡಿದ ಒಂದೇ ವೆಸ್ಲಿಯ ಮಕ್ಕಳು ನಾವೇ ಬೇರೆ ಬೇರೆ ಫಲಕ ಹಾಕಿಕೊಂಡು ಕೂತಿರುವಾಗ ನಾಗಾ ಹುಡುಗರಿಗೆ ಏನು ಹೇಳೋದು!

ನಾನು ಹೇಗೆ ಮಾಡಿದೆ ಅಂತ ಕೇಳಿದ್ದೀರಿ. ಹೊಸ ಊರಿಗೆ ಹೋದರೆ ಮೊದಲು ಅವರ ಮನೆಯಲ್ಲಿ ಊಟ ಮಾಡುತ್ತಿದ್ದೆ, ಆಮೇಲೆ ಪ್ರಸಂಗ. ಎಲ್ಲರ ಮನೆಯಲ್ಲೂ, ಯಾವ ಕೇರಿಯಾದರೂ ಸರಿ. ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲಿ ನೀರು ಕುಡಿದಿರಿ ಅನ್ನುವುದನ್ನು ಊರೇ ನೋಡುತ್ತಿರುತ್ತದೆ. ಹೋಗುವಾಗ ನಾನೇನೂ ಹಂಚುತ್ತಿರಲಿಲ್ಲ, ಅಕ್ಕಿಯೂ ಇಲ್ಲ, ಕಂಬಳಿಯೂ ಇಲ್ಲ. ಕಷ್ಟದಲ್ಲಿದ್ದವರಿಗೆ ಸಹಾಯ ಮಾಡಿದರೆ ಅವರು ಕೂಟಕ್ಕೆ ಬರುತ್ತಾರೋ ಇಲ್ಲವೋ ನೋಡದೆ ಮಾಡಬೇಕು, ಬೇರೆ ದಿನ ಮಾಡಬೇಕು.

ಬಂಗಾರಪೇಟೆ ವಿಶ್ವಾಸಿ:

ಅಯ್ಯನವರ ಮಾತಿಗೆ ಗೌರವ ಇದೆ, ಆದರೆ ಒಪ್ಪಲ್ಲ. ನಮ್ಮ ತಾಯಿ ಕುಂಕುಮ ಬಿಟ್ಟಾಗ ಮನೆಯವರು ‘ಗಂಡ ಬದುಕಿರುವಾಗಲೇ ಹೀಗಾ’ ಅಂತ ಬೈದು ಊಟಕ್ಕೆ ಜೊತೆಗೆ ಕೂರಿಸಿಕೊಳ್ಳಲಿಲ್ಲ. ಆದರೂ ಬಿಟ್ಟರು. ಹಳೆಯದು ಹಳೆಯದೇ, ಹೊಸದು ಹೊಸದೇ. ಎಲ್ಲವನ್ನೂ ಸಂಸ್ಕೃತಿ ಅಂತ ಒಳಗೆ ಬಿಟ್ಟುಕೊಂಡರೆ ನಾಳೆ ದೃಷ್ಟಿದಾರ, ತಾಯತ, ಶಾಸ್ತ್ರ ಕೇಳೋದು ಎಲ್ಲಾ ಬರುತ್ತೆ. ಗಡಿ ಎಲ್ಲಿ ಅಂತ ಸ್ಪಷ್ಟವಾಗಿ ಹೇಳಿ ಬ್ರದರ್, ಇಲ್ಲದಿದ್ದರೆ ಹೊಸಬರಿಗೇ ಮೋಸ.

ಚಾಂಪಿಯನ್ ರೀಫ್ ಮಗಳು:

ಬಂಗಾರಪೇಟೆ ಅಣ್ಣಾ, ನಿಮ್ಮ ತಾಯಿಯವರದ್ದು ದೊಡ್ಡ ಮನಸ್ಸು. ಅವರಾಗಿ ಬಿಟ್ಟರು, ಅಲ್ವಾ? ಬೇರೆ ಯಾರೋ ಬಾಗಿಲಲ್ಲಿ ನಿಂತು ಒರೆಸಿಕೊಂಡು ಒಳಗೆ ಬಾ ಅಂದಿದ್ದರೆ ಅವರು ಬರುತ್ತಿದ್ದರಾ? ತಾಯತ ಬೇರೆ ಮಾತು. ಅದು ಕಾಪಾಡುತ್ತೆ ಅಂತ ನಂಬಿ ಕಟ್ಟಿಕೊಳ್ಳೋದು, ಆ ನಂಬಿಕೆ ಕ್ರಿಸ್ತನ ಮೇಲೆ ಇರಬೇಕಾದದ್ದು, ಅಲ್ಲಿ ನೀವು ಹೇಳಿದ ಗಡಿ ಸರಿ. ಮಲ್ಲಿಗೆ ಹೂ ಯಾವ ದೇವರಿಗೂ ಸೇರಿದ್ದಲ್ಲ. ನಮ್ಮ ಕೆಜಿಎಫ್‌ನಲ್ಲಿ ಕ್ರೈಸ್ತ ಹೆಂಗಸರು ಹೂ ಮುಡಿದೇ ಚರ್ಚಿಗೆ ಹೋಗೋದು, ಮುಡಿಯದಿದ್ದರೆ ಮನೆಯಲ್ಲಿ ಏನಾಯ್ತು ಅಂತ ಕೇಳ್ತಾರೆ.

ಭಾಷೆ ವಿಷಯ ನಾನು ಹೇಳ್ತೀನಿ, ಅದು ನಮಗೆ ಗೊತ್ತು. 1880ರಿಂದ ಬ್ರಿಟಿಷ್ ಕಂಪನಿ ಗಣಿ ತೋಡೋಕೆ ಶುರು ಮಾಡಿದ ಮೇಲೆ ತಮಿಳರು, ತೆಲುಗರು ಸಾಲು ಸಾಲಾಗಿ ಬಂದರು. ಚರ್ಚುಗಳೂ ಹಾಗೇ ಬೆಳೆದವು, ತಮಿಳು ಆರಾಧನೆ ಒಂದು ಕಡೆ, ಸಾಹೇಬರ ಇಂಗ್ಲಿಷ್ ಇನ್ನೊಂದು ಕಡೆ. ಒಂದೇ ಗಣಿಯೊಳಗೆ ಇಳಿದವರು ಭಾನುವಾರ ಬೇರೆ ಬೇರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಜನ ಬೆಳಗ್ಗೆ ಕತ್ತಲಲ್ಲೇ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗೋದು ರೂಢಿ ಆಯ್ತು. ಮಕ್ಕಳು ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಫೋನಲ್ಲಿ ಇಂಗ್ಲಿಷ್. ಹಿರಿಯರ ತಮಿಳು ಬೈಬಲ್ ಓದೋಕೆ ಎಷ್ಟೋ ಮಕ್ಕಳಿಗೆ ಬರಲ್ಲ. ಭಾಷೆ ಉಳಿಸೋದೇ ಸೇವೆ ಅಂದುಕೊಂಡ ಕಡೆ ಮಕ್ಕಳು ಹಿಂದಿನ ಬೆಂಚಿಗೆ ಹೋದರು, ಆಮೇಲೆ ಹೊರಗೇ ಹೋದರು.

ಹಾಗಾಗಿ ನೀವು ಒಂದೇ ಭಾಷೆ ಅಂತ ಗೆರೆ ಎಳೆಯಬೇಡಿ. ವಾಕ್ಯ ಓದುವಾಗ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಓದಲಿ, ಅದೇ ಭಾಗವನ್ನು ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ, ನಾಗಾ ಹುಡುಗರು ಅವರ ಭಾಷೆಯಲ್ಲಿ. ಹೊತ್ತು ಜಾಸ್ತಿ ಹಿಡಿಯುತ್ತೆ, ಹಿಡಿಯಲಿ. ಪ್ರಾರ್ಥನೆ ಯಾರಿಗೆ ಯಾವುದು ಬರುತ್ತೋ ಅದರಲ್ಲಿ. ಮಾತು ಮಾತ್ರ ಊರಿನ ಹೆಂಗಸರಿಗೆ ಅರ್ಥವಾಗುವ ಹಾಗಿರಲಿ, ಯಾಕಂದರೆ ಅವರು ಅತಿಥಿಗಳು.

ಆ ಹೆಂಗಸರಿಗೆ ಎಲ್ಲಿಂದ ಶುರು ಮಾಡೋದು ಅಂತಾದರೆ ಬೈಬಲ್‌ನ ಅಪೊಸ್ತಲರ ಕೃತ್ಯಗಳು 14 ಓದಿ. ಲುಸ್ತ್ರದಲ್ಲಿ ಒಬ್ಬ ಕುಂಟ ನಡೆದದ್ದನ್ನು ನೋಡಿ ಜನ ತಮ್ಮ ಭಾಷೆಯಲ್ಲೇ ಕೂಗಿ, ಪೌಲನನ್ನೂ ಅವನ ಜೊತೆಗಾರ ಬಾರ್ನಬನನ್ನೂ ನೋಡಿ ದೇವರುಗಳೇ ಇಳಿದು ಬಂದರು ಅಂತ ಹೋರಿ, ಹೂಮಾಲೆ ತಂದರು. ಪೌಲ ಆ ಜನಕ್ಕೆ ಯೆಹೂದ್ಯರ ಶಾಸ್ತ್ರದ ಮೋಶೆ, ಪ್ರವಾದಿಗಳು ಅಂತ ಏನೂ ಹೇಳಲಿಲ್ಲ. ಮಳೆ ಕೊಡುವವನು, ಬೆಳೆ ಕೊಡುವವನು, ಹೊಟ್ಟೆ ತುಂಬಿಸುವವನು ಜೀವವುಳ್ಳ ದೇವರು, ಅವನ ಕಡೆಗೆ ತಿರುಗಿ ಅಂದ. ಸಾವಿರ ಅಡಿ ಬೋರ್ ಕೊರೆದರೂ ನೀರು ಬರದ ನಮ್ಮ ಕೋಲಾರ ಜಿಲ್ಲೆಯಲ್ಲಿ ಮಳೆ ಮಾತಾಡಿದರೆ ಯಾರು ಕೇಳಲ್ಲ ಹೇಳಿ? ಆಮೇಲೆ ಯೇಸುವಿನ ಕಥೆ ಸುವಾರ್ತೆಯಿಂದಲೇ ಓದಿ ಹೇಳಿ, ನಿಮ್ಮ ವಿವರಣೆ ಕಡಿಮೆ ಇರಲಿ.

ಶಿಡ್ಲಘಟ್ಟ ರೇಷ್ಮೆ ಗೂಡು:

ನಾನು ಕ್ರೈಸ್ತನಲ್ಲ. ನಮ್ಮ ಮನೆದೇವರು ಗಂಗಮ್ಮ. ಸುಮ್ನೆ ಓದ್ತಾ ಇದ್ದವನು, ಹೊರಗಿನವನ ಮಾತೂ ಒಂದಿರಲಿ ಅಂತ ಬರೀತಾ ಇದ್ದೀನಿ.

ನಮ್ಮ ಅಜ್ಜಿ ಕಾಲದವರಿಗೆ ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆ ಅಂದರೆ ನಂಬಿಕೆ. ಹೆರಿಗೆಗೆ ಅಲ್ಲಿಗೇ ಹೋಗೋದು. ಅಲ್ಲಿ ಪ್ರಾರ್ಥನೆ ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಬೇಜಾರು ಮಾಡಿಕೊಂಡಿಲ್ಲ. ಬೇಜಾರಾಗೋದು ಯಾವಾಗ ಅಂದರೆ, ಊರಿಗೆ ಹೊಸದಾಗಿ ಬಂದವರು ಮೈಕ್ ಹಾಕಿಕೊಂಡು ನಿಮ್ಮ ದೇವರು ಕಲ್ಲು, ನಿಮ್ಮ ಹಬ್ಬ ಸೈತಾನಂದು ಅಂದಾಗ. ನಿಮ್ಮ ದೇವರ ಬಗ್ಗೆ ಎಷ್ಟು ಬೇಕಾದರೂ ಹೇಳಿ, ಕೇಳ್ತೀವಿ. ನಮ್ಮ ದೇವರ ಬಗ್ಗೆ ನಮಗೇ ಹೇಳೋಕೆ ಬರಬೇಡಿ.

ಇನ್ನೊಂದು, ಬಾಗಿಲು ಹಾಕಿಕೊಂಡು ಸೇರಬೇಡಿ. ಹಳ್ಳಿಯಲ್ಲಿ ಬಾಗಿಲು ಹಾಕಿದರೆ ನೂರು ಮಾತು ಹುಟ್ಟುತ್ತೆ. ಮನೆ ಓನರ್‌ಗೆ, ಪಕ್ಕದವರಿಗೆ, ಪಂಚಾಯಿತಿ ಮೆಂಬರ್‌ಗೆ ನೀವೇ ಹೋಗಿ ಹೇಳಿ. ಆ ಹೆಂಗಸರ ಗಂಡಂದಿರಿಗೂ ಗೊತ್ತಿರಲಿ.

ವೇಮಗಲ್ ರಸ್ತೆ:

ಎಲ್ಲರಿಗೂ ಥ್ಯಾಂಕ್ಸ್. ರೇಷ್ಮೆ ಗೂಡು ಅಣ್ಣ, ನಿಮ್ಮ ಮಾತನ್ನೇ ಮೊದಲು ಮಾಡ್ತೀನಿ, ಓನರ್ ಹತ್ತಿರ ನಾಳೆ ಹೋಗ್ತೀನಿ. ಎರಡು ಪ್ರಶ್ನೆ ಉಳಿದಿದೆ. ಮುಂದಿನ ತಿಂಗಳು ಆ ಊರಲ್ಲಿ ಜಾತ್ರೆ, ಊಟಕ್ಕೆ ಕರೆದಿದ್ದಾರೆ. ಹೋಗೋದಾ? ಮತ್ತೆ, ಆ ಹೆಂಗಸರು ದೀಕ್ಷಾಸ್ನಾನ ಕೇಳಿದರೆ ಕಾನೂನು ಏನು?

ನಿವೃತ್ತ ಸಭಾಪಾಲಕ, ತುಮಕೂರು:

ಊಟಕ್ಕೆ 1 ಕೊರಿಂಥ 10 ಇದೆ. ಕರೆದವರ ಮನೆಗೆ ಹೋಗಿ, ಬಡಿಸಿದ್ದನ್ನು ವಿಚಾರಿಸದೆ ಊಟ ಮಾಡಿ. ಇದು ದೇವರಿಗೆ ಅರ್ಪಿಸಿದ್ದು ಅಂತ ಯಾರಾದರೂ ಹೇಳಿ ಕೊಟ್ಟರೆ ಕೈ ಮುಗಿದು ಬೇಡ ಅನ್ನಿ, ಕಾರಣವನ್ನು ಮೆತ್ತಗೆ ಹೇಳಿ. ಪೂಜೆಯಲ್ಲಿ ಭಾಗಿಯಾಗಬೇಡಿ, ಪಾತ್ರೆ ತೊಳೆಯೋಕೆ ಭಾಗಿಯಾಗಿ. ಮುದ್ದೆ ಊಟವನ್ನು ಬೇಡ ಅಂದವನ ಪ್ರಸಂಗ ನಮ್ಮ ಕಡೆ ಯಾರೂ ಕೇಳಲ್ಲ.

ಕಾನೂನು: ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆಯ ಪ್ರಕಾರ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು, ಮಾಡಿಸುವವರೂ ಮುಂಚಿತವಾಗಿ ತಿಳಿಸಬೇಕು. ಆಮಿಷ ಅನ್ನುವುದರಲ್ಲಿ ಉಡುಗೊರೆ, ಹಣ, ಕೆಲಸದ ಭರವಸೆ ಎಲ್ಲಾ ಬರುತ್ತೆ. 2023ರ ಜೂನ್‌ನಲ್ಲಿ ಈ ಕಾಯ್ದೆ ರದ್ದು ಮಾಡುವ ತೀರ್ಮಾನವನ್ನು ಸಚಿವ ಸಂಪುಟ ಮಾಡಿತು ಅಂತ ಕೇಳಿ ಸುಮ್ಮನಾಗಬೇಡಿ, ಆ ಹೊತ್ತಿಗೆ ಒಬ್ಬ ವಕೀಲರನ್ನು ಕಂಡು ಕೇಳಿ. ದೀಕ್ಷಾಸ್ನಾನ ನೀವು ಕೊಡಬೇಡಿ, ನಿಮ್ಮ ಸಭಾಪಾಲಕರ ಹತ್ತಿರ ಕರೆದುಕೊಂಡು ಹೋಗಿ. ಅವಸರ ಯಾಕೆ? ಅವರು ಇನ್ನೂ ಪ್ರಶ್ನೆ ಕೇಳ್ತಾ ಇದ್ದಾರೆ, ಕೇಳಲಿ.

ಚಾಂಪಿಯನ್ ರೀಫ್ ಮಗಳು:

ಜಾರ್ಖಂಡ್ ಹುಡುಗಿಯರು ಕ್ಯಾಥೊಲಿಕ್ ಅಂದಿರಿ. ಅವರಿಗೆ ಭಾನುವಾರ ಬೆಳಗ್ಗೆ ಚರ್ಚಿನ ಬಲಿಪೂಜೆಗೆ ಹೋಗೋಕೆ ಶಿಫ್ಟ್ ಸಿಗುತ್ತಾ, ಬಸ್ಸು ಇದೆಯಾ ಅಂತಲೂ ಒಮ್ಮೆ ಕೇಳಿ. ನಿಮ್ಮ ಕೂಟ ಅದಕ್ಕೆ ಬದಲಿ ಆಗೋದು ಬೇಡ.