ಹೆಗಲಿನ ಗುಳಿ ಹುಟ್ಟಿನಿಂದಲೇ ಚಿಕ್ಕದಂತೆ, ಆಪರೇಷನ್ ಬೇಕಾ?

ತುಮಕೂರಮ್ಮ: ಮಗನಿಗೆ 19, ವಾಲಿಬಾಲ್ ಹುಚ್ಚು. ಬಲಗೈ ಎತ್ತಿದರೆ ಹೆಗಲಲ್ಲಿ ಲಟಕ್ ಅನ್ನುತ್ತೆ, ನೋವು. ರಿಪೋರ್ಟಲ್ಲಿ ‘ಗ್ಲೀನಾಯ್ಡ್ ಹೈಪೋಪ್ಲೇಸಿಯಾ, ಎರಡೂ ಕಡೆ’ ಅಂತಿದೆ, ಅಂದರೆ ತೋಳಿನ ಮೂಳೆ ಕೂರೋ ಗುಳಿ ಸರಿಯಾಗಿ ಬೆಳೆದಿಲ್ಲವಂತೆ. ಒಬ್ಬರು ವ್ಯಾಯಾಮ ಸಾಕು ಅಂದರು, ಇನ್ನೊಬ್ಬರು ಆಪರೇಷನ್ ಅಂದರು. ಅನುಭವ ಇರೋರು ಹೇಳಿ.

ಒಂಟಿಹೆಗಲು: ಮಾಡಿಸ್ಕೊಂಡೋನು ನಾನು. ಎಮ್ಮಾರೈ 7,500. ಲೇಬ್ರಮ್ (ಗುಳಿಯ ಅಂಚಿನ ಮೆದು ಪಟ್ಟಿ) ಸರಿಯಾಗಿ ಕಾಣ್ತಿಲ್ಲ ಅಂತ ಕೀಲಿಗೆ ಡೈ ಚುಚ್ಚಿ ಇನ್ನೊಂದು, 13,000. ಸಿಟಿ ಸ್ಕ್ಯಾನ್ 6,200. ಸೊಂಟದ ಮೂಳೆ ತುಂಡು ತೆಗೆದು ಗುಳಿಯ ಹಿಂಬದಿಗೆ ಎರಡು ಸ್ಕ್ರೂ ಹಾಕಿ ಕೂರಿಸಿದರು, 2,40,000. ಆರು ವಾರ ಕೈ ಸ್ಲಿಂಗಲ್ಲಿ, ಅಂಗಿ ಗುಂಡಿ ಹಾಕಕ್ಕೂ ಅಮ್ಮನೇ. ಹೆಗಲು ಈಗ ಹಿಂದಕ್ಕೆ ಜಾರಲ್ಲ, ನಿಜ. ಆದರೆ ಮೂಳೆ ತೆಗೆದ ಜಾಗ ವರ್ಷ ಆದ್ಮೇಲೂ ಬೆಲ್ಟ್ ಕಟ್ಟಿದರೆ ಉರಿಯುತ್ತೆ. ಇದನ್ನ ಯಾರೂ ಮೊದಲೇ ಹೇಳಲಿಲ್ಲ. ಮೇಲಿಂದ ಇನ್ಶೂರೆನ್ಸಿನವರು ‘ಹುಟ್ಟುದೋಷ’ ಅಂತ ಒಂದು ಪೈಸೆ ಬಿಚ್ಚಲಿಲ್ಲ.

ಹುಬ್ಬಳ್ಳಿ ಅವ್ವ: ನಾ ಕೊಯ್ಸಿಕೊಳ್ಳಲಿಲ್ರಿ. 96 ಸಲ ಫಿಸಿಯೋ, ಸಲಕ್ಕ 450, ಲೆಕ್ಕಾ ಬರದಿಟ್ಟೇನಿ: 43,200. ಮೊದಲ ಎರಡು ತಿಂಗಳು ಏನೂ ಫರಕ ಇಲ್ಲ, ಅತ್ತೇನಿ. ಬಾಗಲಕ್ಕ ರಬ್ಬರ್ ಪಟ್ಟಿ ಕಟ್ಟಿ ಕೈ ಹೊರಗ ಎಳಿಯೂದು, ಗ್ವಾಡಿಗೆ ಕೈ ಒತ್ತೂದು. ಗುಳಿ ದೊಡ್ಡದಾಗೂದಿಲ್ಲ, ಸುತ್ತಲಿನ ಸ್ನಾಯು ಹಿಡೀತಾವ. ಈಗ ಕೊಡ ಹೊರ್ತೇನಿ. ಕೆಲವರಿಗೆ ಚಾಕು ಅಂದ್ರ ಭಾಳ ಅವಸರ.

ಒಂಟಿಹೆಗಲು: ‘ಕೆಲವರು’ ಅಂದ್ರೆ ಯಾರು ಮೇಡಂ? ಹನ್ನೊಂದು ತಿಂಗಳು ನಾನೂ ಪಟ್ಟಿ ಎಳೆದೆ. ಕಬಡ್ಡಿಲಿ ಹೆಗಲು ಕಳಚಿಕೊಂಡಾಗ ಬಂದು ಹೇಳಬೇಕಿತ್ತು.

ಹುಬ್ಬಳ್ಳಿ ಅವ್ವ: ಕಬಡ್ಡಿ ಬಿಡ್ರಿ ಅಂತ ಡಾಕ್ಟರ್ ಹೇಳಿರಲಿಲ್ಲೇನು?

ಹಾಸನ58: ನನ್ನದೂ ಎರಡೂ ಕಡೆ. 52ರವರೆಗೆ ಗೊತ್ತೇ ಇರಲಿಲ್ಲ, ಕೆಮ್ಮಿಗೆ ಎದೆ ಎಕ್ಸ್‌ರೇ ತೆಗೆಸಿದಾಗ ಸಿಕ್ಕಿತು. ಕೀಲು ಸವೆದಿದೆ. ಕೃತಕ ಕೀಲು ಹಾಕೋಣ ಅಂದ್ರೆ ನನ್ನ ಗುಳಿಯಲ್ಲಿ ಅದನ್ನ ಹಿಡಿಯೋಷ್ಟು ಮೂಳೆಯೇ ಇಲ್ಲವಂತೆ. ಒಂಟಿಹೆಗಲು, ಹೊರಗೆ ಕಾಣೋ ಹುಟ್ಟುದೋಷ ಬೇರೆ, ಒಳಗಿನದು ಬೇರೆ, ಪಾಲಿಸಿಯಲ್ಲೇ ವಿವರಣೆ ಇರುತ್ತೆ, ಓದಿ. ನಾನು ಕಂಪನಿಗೆ ಲಿಖಿತ ದೂರು ಕೊಟ್ಟು, ಆಮೇಲೆ ಬೆಂಗಳೂರು ಜೆ.ಪಿ. ನಗರದ ವಿಮಾ ಲೋಕಪಾಲರ (ವಿಮಾ ಕಂಪನಿ ಮೇಲಿನ ದೂರು ವಿಚಾರಿಸೋರು) ಹತ್ರ ಹೋದೆ. ಶುಲ್ಕ ಇಲ್ಲ. ಮೊದಲು ಮಾಡಿಸಿದ್ದ ಕೀಹೋಲ್ (ಸಣ್ಣ ತೂತಿನ) ಆಪರೇಷನ್ನಿನ 1,48,000 ವಾಪಸ್ ಬಂತು.

ನಾಟಿಪ್ರಿಯ: ಎಲ್ಲಾ ಸುಮ್ನೆ ದುಡ್ಡು ಸುರೀತೀರ. ನಮ್ಮಣ್ಣನ ಹೆಗಲು ನಾಟಿ ವೈದ್ಯರು ಮೂರೇ ಸಲ ಮೊಟ್ಟೆ ಲೇಪ ಹಚ್ಚಿ ಕಟ್ಟು ಕಟ್ಟಿದ್ದಕ್ಕೆ ಸರಿಯಾಯ್ತು. 900 ರೂಪಾಯಿ.

ಹಾಸನ58: ಅದು ಬಿದ್ದು ಜಾರಿದ್ದು. ಹುಟ್ಟಾ ಬೆಳೆಯದ ಮೂಳೆಗೆ ಮೊಟ್ಟೆ ಹಚ್ಚಿದರೆ ಆಮ್ಲೆಟ್ಟೂ ಆಗಲ್ಲ.

ನಾಟಿಪ್ರಿಯ: ನಾಲಿಗೆ ಹಿಡಿತದಲ್ಲಿರಲಿ ಯಜಮಾನ್ರೇ.

ಒಂಟಿಹೆಗಲು: ಸಾರ್, ಅವರನ್ನ ಬಿಡಿ. ಕಂಪನಿ ತಿರಸ್ಕರಿಸಿ ಹತ್ತು ತಿಂಗಳಾಯ್ತು. ಲೋಕಪಾಲರಿಗೆ ವರ್ಷದೊಳಗೆ ಹೋಗಬೇಕಂತಲ್ಲ, ಡಿಸ್ಚಾರ್ಜ್ ಸಮ್ಮರಿ ಒರಿಜಿನಲ್ಲೇ ಕೇಳ್ತಾರಾ?