ಅಪ್‌ಡೇಟ್: ಅಪ್ಪಂಗೆ ಬ್ಲಡ್ ಥಿನ್ನರ್ ಶುರು ಮಾಡಿದ್ವಿ

76 ವರ್ಷದ ಅಪ್ಪಂಗೆ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಬಡಿತ ತಾಳ ತಪ್ಪೋ ಕಾಯಿಲೆ) ಅಂತ ಗೊತ್ತಾಗಿದೆ, ರಕ್ತ ತೆಳು ಮಾಡೋ ಮಾತ್ರೆ ಕೊಟ್ರೆ ಬ್ಲೀಡಿಂಗ್ ಆಗಲ್ವಾ ಅಂತ ಕೇಳಿದ್ದೆನಲ್ಲ, ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಜಯನಗರದಲ್ಲಿ ಒಬ್ರು ಕಾರ್ಡಿಯಾಲಜಿಸ್ಟ್‌ಗೆ ತೋರಿಸಿದ್ವಿ. ನಿಧಾನಕ್ಕೆ ಕೂರಿಸ್ಕೊಂಡು ಸ್ಟ್ರೋಕ್ ಆಗೋ ರಿಸ್ಕ್ ಎಷ್ಟು ಅಂತ ಲೆಕ್ಕ ಹೇಳಿದ್ರು, ವಯಸ್ಸು 75 ದಾಟಿದ್ದಕ್ಕೆ 2 ಪಾಯಿಂಟ್, ಬಿಪಿಗೆ 1, ಶುಗರ್‌ಗೆ 1, ಒಟ್ಟು 4, ಗಂಡಸರಿಗೆ 2 ಆದ್ರೂ ಸಾಕು, ಮಾತ್ರೆ ಬೇಕಂತೆ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರೀ ಅದುರ್ತಾ ಇದ್ರೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತೆ, ಅದು ಮೆದುಳಿಗೆ ಹೋದ್ರೆ ಸ್ಟ್ರೋಕ್. ಆಸ್ಪಿರಿನ್ ಸಾಕಲ್ವಾ ಡಾಕ್ಟ್ರೇ ಅಂತ ಅಮ್ಮ ಕೇಳಿದ್ರು, ಇದಕ್ಕೆ ಅದು ಸಾಲಲ್ಲಮ್ಮ, ಅದರಲ್ಲೂ ಬ್ಲೀಡಿಂಗ್ ರಿಸ್ಕ್ ಇದ್ದೇ ಇದೆ ಅಂದ್ರು.

ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಹೃದಯದೊಳಗಿನ ಮೈಟ್ರಲ್ ವಾಲ್ವ್ ಕಿರಿದಾಗಿಲ್ಲ ಅಂತ ಖಾತ್ರಿ ಮಾಡ್ಕೊಂಡ್ರು, ಹಾಗೇನಾದ್ರೂ ಇದ್ದಿದ್ರೆ ವಾರ್ಫರಿನ್ ಥರದ ಹಳೇ ಬ್ಲಡ್ ಥಿನ್ನರ್ರೇ ಕೊಡ್ಬೇಕಿತ್ತು, ಆಗ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಅಳತೆ) 2ರಿಂದ 3ರೊಳಗೆ ಇರೋ ಹಾಗೆ ಆಗಾಗ ರಕ್ತ ಟೆಸ್ಟ್, ಸೊಪ್ಪು ತಿನ್ನೋದ್ರಲ್ಲೂ ಹೆಚ್ಚುಕಮ್ಮಿ ಮಾಡೋ ಹಾಗಿಲ್ಲ. ಕ್ರಿಯೇಟಿನಿನ್ (ಕಿಡ್ನಿ ಟೆಸ್ಟ್), ಹಿಮೋಗ್ಲೋಬಿನ್ ನೋಡಿ ಅಪಿಕ್ಸಾಬಾನ್ ಅನ್ನೋ ಹೊಸ ಥರದ ಬ್ಲಡ್ ಥಿನ್ನರ್ 5 ಎಂಜಿ ಬೆಳಿಗ್ಗೆ ಒಂದು ರಾತ್ರಿ ಒಂದು ಬರೆದ್ರು. ಬಸಳೆ ಸೊಪ್ಪಿನ ಹುಳಿ ಆರಾಮಾಗಿ ತಿನ್ಬಹುದು, ಅಪ್ಪಂಗೆ ಅದೇ ದೊಡ್ಡ ಖುಷಿ.

ಮಂಡಿನೋವಿಗೆ ಮೆಡಿಕಲ್ ಶಾಪಲ್ಲಿ ತಗೋತಿದ್ದ ಡೈಕ್ಲೋಫೆನಾಕ್ ಮಾತ್ರ ಬಂದ್, ಎರಡೂ ಸೇರಿದ್ರೆ ಹೊಟ್ಟೇಲಿ ಬ್ಲೀಡಿಂಗ್ ಜಾಸ್ತಿಯಾಗುತ್ತೆ. ಇದನ್ನ ದಯವಿಟ್ಟು ನಿಮ್ಮನೇಲೂ ಚೆಕ್ ಮಾಡಿ. ಹಲ್ಲುಜ್ಜುವಾಗ ಸ್ವಲ್ಪ ರಕ್ತ ಬರ್ತಿದೆ, ಫೋನ್ ಮಾಡಿ ಕೇಳಿದ್ವಿ, ಮೆತ್ತನೆ ಬ್ರಷ್ ತಗೊಳ್ಳಿ, ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ಮಲ ಕಪ್ಪಗಾದ್ರೆ ಅಥವಾ ತಲೆಗೆ ಪೆಟ್ಟು ಬಿದ್ರೆ ತಕ್ಷಣ ಬನ್ನಿ ಅಂದಿದ್ದಾರೆ.